ಮದುರೈ ನೋಡದ ಕಾಲಿಗೆ ಮದುರಾ ಹೆಸರು

ಪ್ರಶ್ನೆ: ನಮ್ಮದು ಸೇಡಂ ತಾಲೂಕಿನ ಒಂದು ಹಳ್ಳಿ. ನಮ್ಮ ಕಾಕಾನಿಗೆ 54 ವರ್ಷ, ತೊಗರಿ ಬೆಳೆಯುತ್ತಾರೆ. ಆರು ವರ್ಷದ ಹಿಂದೆ ಬಲಗಾಲಿನ ಪಾದದಲ್ಲಿ ಒಂದು ಗಂಟು ಎದ್ದಿತು. ನೋವಿಲ್ಲ ಅಂತ ಹಾಗೇ ಬಿಟ್ಟರು. ಈಗ ಪಾದ ದಪ್ಪಗಾಗಿದೆ, ಏಳೆಂಟು ತೂತು ಬಿದ್ದು ಕೀವು ಸೋರುತ್ತದೆ. ಮೊದಲು ಆನೆಕಾಲು ಅಂದರು, ಆಮೇಲೆ ಎಲುಬಿನ ಟಿಬಿ ಅಂದರು. ಎರಡು ಸಲ ಕೊಯ್ದು ತೆಗೆದರು, ಎರಡೂ ಸಲ ಮತ್ತೆ ಬಂತು. ಈಗ ಕಲಬುರಗಿಯಲ್ಲಿ ಒಬ್ಬ ಚರ್ಮದ ಡಾಕ್ಟರು "ಮದುರಾ ಫೂಟ್, ಫಂಗಸ್" ಅಂದಿದ್ದಾರೆ. ನಮ್ಮ ಮನೆತನದಲ್ಲಿ ಯಾರೂ ಮದುರೈ ಕಡೆ ತಲೆ ಹಾಕಿ ಮಲಗಿದವರಲ್ಲ. ಇದು ಎಲ್ಲಿಂದ ಬಂತು? ಹೊಸ ರೋಗವಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅಂಟುತ್ತಾ? ಕಾಲು ತೆಗೆಯಲೇಬೇಕಾ? ಕಾಕಾ ಮತ್ತೆ ಹೊಲಕ್ಕೆ ಹೋಗಬಹುದಾ?

ಉತ್ತರ: ಮೊದಲು ಮಕ್ಕಳ ವಿಷಯ ಮುಗಿಸಿಬಿಡೋಣ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮಕ್ಕಳು ಕಾಕಾನ ಪಕ್ಕ ಕೂತು ಉಣ್ಣಲಿ, ಅದೇ ಕೌದಿ ಹೊದ್ದು ಮಲಗಲಿ, ಏನೂ ಆಗುವುದಿಲ್ಲ. ಪಟ್ಟಿ ಬದಲಾಯಿಸಿದವರು ಸಾಬೂನು ಹಚ್ಚಿ ಕೈ ತೊಳೆದರೆ ಸಾಕು. ಅದೂ ಯಾವ ಕೀವಿನ ಗಾಯಕ್ಕಾದರೂ ಮಾಡುವಂಥದ್ದೇ. ಹಳ್ಳಿಗಳಲ್ಲಿ ಇದನ್ನು ಕುಷ್ಠ ಅಂದುಕೊಂಡು ಬೇರೆ ತಟ್ಟೆ ಇಡುವುದನ್ನು ನೋಡಿದ್ದೇನೆ. (ಕುಷ್ಠಕ್ಕೂ ಬೇರೆ ತಟ್ಟೆ ಬೇಕಿಲ್ಲ, ಆ ಮಾತು ಇನ್ನೊಮ್ಮೆ.) ನಿಮ್ಮ ಮನೆಯಲ್ಲಿ ಹಾಗೇನಾದರೂ ನಡೆದಿದ್ದರೆ ಇವತ್ತೇ ನಿಲ್ಲಿಸಿ.

ಇನ್ನು ಕಾಲಿನ ಪ್ರಶ್ನೆ. ನಿಮ್ಮ ಪತ್ರದಲ್ಲಿ "ಮದುರಾ ಫೂಟ್, ಫಂಗಸ್" ಅಂತ ಇದೆ. ಆ ಎರಡು ಪದಗಳ ನಡುವೆ ನೀವು ಹಾಕಿರುವ ಅಲ್ಪವಿರಾಮದ ಒಳಗೆ ವೈದ್ಯರು ಎಷ್ಟೋ ವರ್ಷ ಗುದ್ದಾಡಿದ್ದಾರೆ. ಮದುರಾ ಫೂಟ್ ಅಂದರೆ ಯಾವಾಗಲೂ ಫಂಗಸ್ (ಅಂದರೆ ಬೂಷ್ಟು) ಅಲ್ಲ. ನಮ್ಮ ದಕ್ಷಿಣ ಭಾರತದಲ್ಲಂತೂ ಫಂಗಸ್ ಅಲ್ಲದ್ದೇ ಜಾಸ್ತಿ. ಫಂಗಸ್ ಆದರೆ ಒಂದು ದಾರಿ, ಅಲ್ಲದಿದ್ದರೆ ಇನ್ನೊಂದು. ಔಷಧಿ ಬೇರೆ, ಕಾಲು ಉಳಿಯುವ ಭರವಸೆಯೂ ಬೇರೆ. ಹಾಗಾಗಿ ಕಾಕಾನ ಕಾಲಿನ ಬಗ್ಗೆ ಹೇಳುವ ಮೊದಲು ಈ ಹೆಸರಿನ ಕತೆ ಹೇಳಬೇಕು. ಕತೆ ಸುಮ್ನೆ ಕತೆಯಾಗಿದ್ದರೆ ನಿಮ್ಮ ಹೊತ್ತು ತಿನ್ನುತ್ತಿರಲಿಲ್ಲ. ಇದರಲ್ಲಿ ನೀವು ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಇದೆ.

ಮದುರೈ ಊರಿನ ಔಷಧಾಲಯದಲ್ಲಿ ಜಾನ್ ಗಿಲ್ ಎಂಬ ಡಾಕ್ಟರು ಇದ್ದರು. 1842ರಲ್ಲಿ ಅವರು ತಮ್ಮ ವರದಿಯಲ್ಲಿ ಒಂದು ವಿಚಿತ್ರ ಪಾದದ ರೋಗದ ಬಗ್ಗೆ ಬರೆದರು. ಪಾದ ಊದಿ ಆಕಾರ ಕೆಡುತ್ತದೆ, ತೂತು ಬೀಳುತ್ತವೆ, ಸೋರುತ್ತದೆ. ಅಲ್ಲಿ ಆ ಕಾಯಿಲೆಯನ್ನು ಊರಿನ ಹೆಸರಿನಿಂದಲೇ ಕರೆಯತೊಡಗಿದರು. ಆ ಹೆಸರೇ ಜಗತ್ತಿಗೆಲ್ಲ ಹಬ್ಬಿತು. ಇಷ್ಟೇ ಮದುರೈ ಸಂಬಂಧ. ರೋಗ ಅಲ್ಲಿ ಹುಟ್ಟಿದ್ದಲ್ಲ. ಅಲ್ಲಿ ಬರೆದಿಟ್ಟವರು ಇದ್ದರು, ಅಷ್ಟೆ.

ಈಗ ನಮ್ಮ ಕಡೆಗೆ ಬರೋಣ. ಗಿಲ್ ಬರೆದ ನಾಲ್ಕೇ ವರ್ಷಕ್ಕೆ, 1846ರಲ್ಲಿ, ಬಳ್ಳಾರಿಯಲ್ಲಿದ್ದ ಗಾಡ್‌ಫ್ರೆ ಎಂಬ ಡಾಕ್ಟರು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದೇ ರೋಗದ ಬಗ್ಗೆ ಬರೆದರು. ಶೀರ್ಷಿಕೆ ನೋಡಿ: ಇದುವರೆಗೆ ಯಾರೂ ವರ್ಣಿಸದ ಪಾದದ ರೋಗ. ಮದುರೈ ವರದಿ ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಅವರ ಬರಹವೇ ಮೊದಲು ಬಂದಿದ್ದರೆ ನಿಮ್ಮ ಕಾಕಾನ ಚೀಟಿಯ ಮೇಲೆ "ಬಳ್ಳಾರಿ ಫೂಟ್" ಅಂತ ಇರುತ್ತಿತ್ತು. ಆಗ ನೀವು ಎಲ್ಲಿಂದ ಬಂತು ಅಂತ ಕೇಳುತ್ತಲೇ ಇರಲಿಲ್ಲ, ಅಲ್ವಾ? ಬಳ್ಳಾರಿ ಅಂದರೆ ಪಕ್ಕದ ಮನೆ. ಅದೇ ಬಿಸಿಲು, ಅದೇ ಎರೆ ಭೂಮಿ, ಅದೇ ಬರಿಗಾಲು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ನಮ್ಮ ಸೇಡಂ, ಚಿತ್ತಾಪುರ, ಯಾದಗಿರಿ ಎಲ್ಲ ನಿಜಾಮರ ಕಡೆ. ಸರಹದ್ದು ರಾಜರಿಗೆ. ಮಣ್ಣಿನೊಳಗಿನ ಬೂಷ್ಟಿಗೆ ಅದರ ಗೊಡವೆ ಏನು?

ಬಳ್ಳಾರಿ ಅಂದ ಕೂಡಲೇ ಇನ್ನೊಂದು ಮಾತು ನೆನಪಾಗುತ್ತದೆ. ಇವತ್ತು ನಮ್ಮ ಬದುಗಳ ಮೇಲೆಲ್ಲ ಬಳ್ಳಾರಿ ಜಾಲಿ ತುಂಬಿದೆ. ಮುಳ್ಳು ಚುಚ್ಚಿತು ಅಂದರೆ ಎಲ್ಲರೂ ಅದರ ಮೇಲೆಯೇ ಹಾಕುತ್ತಾರೆ. ಅದು ಅಮೆರಿಕ ಖಂಡದ ಗಿಡ. ನಮ್ಮ ದೇಶಕ್ಕೆ ಬಂದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಅಂದರೆ ಗಾಡ್‌ಫ್ರೆ ನೋಡಿದ ಕಾಲುಗಳಿಗೆ ಚುಚ್ಚಿದ್ದು ಆ ಮುಳ್ಳಲ್ಲ. ನಮ್ಮ ಹಳೆಯ ಕರಿಜಾಲಿಯೋ ಬೋರೆಯೋ ಇದ್ದೀತು. ಮುಳ್ಳು ಯಾವುದಾದರೂ ಆಗಬಹುದು. ತೊಗರಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಚೂಪು ಕೂಳೆಯೂ ಆಗಬಹುದು. ಮಣ್ಣಿನಲ್ಲಿರುವ ಜೀವಿಗೆ ಚರ್ಮದ ಒಳಗೆ ಹೋಗಲು ಒಂದು ಸೂಜಿ ಬೇಕು, ಅಷ್ಟೆ. ಒಳಗೆ ಹೋದ ಮೇಲೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ಗಂಟು ಏಳುವ ಹೊತ್ತಿಗೆ ಮುಳ್ಳು ಮರೆತುಹೋಗಿರುತ್ತದೆ. ಎಂದು ಚುಚ್ಚಿತ್ತು ಅಂತ ಒಬ್ಬ ಮುದುಕನನ್ನು ಕೇಳಿದ್ದೆ. "ಒಕ್ಕಲುತನ ಮಾಡಾಂವಗ ಮುಳ್ಳಿನ ಲೆಕ್ಕ ಕೇಳ್ತೀರೇನ್ರಿ ಸಾಹೇಬ್ರ?" ಅಂದ.

ಭೂಪಟ ತೆಗೆದು ನೋಡಿದರೆ ಈ ರೋಗಕ್ಕೆ ಒಂದು ಪಟ್ಟೆಯೇ ಇದೆ. ಭೂಮಧ್ಯ ರೇಖೆಯ ದಕ್ಷಿಣಕ್ಕೆ 15 ಡಿಗ್ರಿಯಿಂದ ಉತ್ತರಕ್ಕೆ 30 ಡಿಗ್ರಿಯವರೆಗೆ. ಸುಡಾನ್, ಸೊಮಾಲಿಯಾ, ಸೆನೆಗಲ್, ಮೆಕ್ಸಿಕೊ, ಭಾರತ ಎಲ್ಲ ಅದರೊಳಗೆ. ಸ್ವಲ್ಪ ದಿನ ಮಳೆ, ಉಳಿದ ದಿನ ಒಣ ಬಿಸಿಲು, ಮುಳ್ಳಿನ ಗಿಡ, ಬರಿಗಾಲಿನ ದುಡಿಮೆ. ಕಲಬುರಗಿ ಸುಮಾರು 17 ಡಿಗ್ರಿಯಲ್ಲಿದೆ, ಪಟ್ಟೆಯ ಒಳಗೆ ಆರಾಮಾಗಿ ಕೂತಿದೆ.

ಹೊಸ ರೋಗವಾ ಅಂತ ಕೇಳಿದ್ದೀರಿ. ಸುಶ್ರುತ ಸಂಹಿತೆಯಲ್ಲಿ "ವಲ್ಮೀಕ" ಅಂತ ಒಂದು ರೋಗದ ವರ್ಣನೆ ಇದೆ. ವಲ್ಮೀಕ ಅಂದರೆ ಹುತ್ತ. ಅಂಗೈ, ಅಂಗಾಲು, ಸಂದುಗಳಲ್ಲಿ ಗಂಟು ಏಳುತ್ತದೆ, ಹುತ್ತದ ಹಾಗೆ ಮೆಲ್ಲಗೆ ಬೆಳೆಯುತ್ತದೆ, ಹಲವು ಬಾಯಿ ಬಿಟ್ಟು ಸೋರುತ್ತದೆ. ಇದೇ ರೋಗ ಅಂತ ಗೆರೆ ಎಳೆದು ಹೇಳಲಾಗದು. ಹಳೆಯ ಹೆಸರಿಗೆ ಹೊಸ ಹೆಸರು ಅಂಟಿಸುವ ಆಟ ನನಗೆ ಹಿಡಿಸುವುದಿಲ್ಲ. ಆದರೆ ನಾಗರ ಪಂಚಮಿಗೆ ಹಾಲೆರೆಯುವ ಹುತ್ತವನ್ನು ಒಮ್ಮೆ ನೆನಪಿಸಿಕೊಂಡು ಆಮೇಲೆ ಕಾಕಾನ ಪಾದ ನೋಡಿ. ಮೇಲೆ ಗಟ್ಟಿ ಮಣ್ಣು, ಅಲ್ಲಲ್ಲಿ ಬಾಯಿ, ಒಳಗೆ ಒಂದಕ್ಕೊಂದು ಸೇರಿದ ಸುರಂಗ. ಅದಕ್ಕಿಂತ ಒಳ್ಳೆಯ ಹೋಲಿಕೆ ನನಗೂ ಸಿಕ್ಕಿಲ್ಲ. ಕಾಕಾನಿಗೆ ಎರಡು ಸಲ ಕೊಯ್ದರೂ ಮತ್ತೆ ಬಂದದ್ದು ಯಾಕೆ ಅಂತಲೂ ಅದರಿಂದಲೇ ಗೊತ್ತಾಗುತ್ತದೆ. ಹುತ್ತದ ತಲೆ ಹೊಡೆದರೆ ಒಳಗಿನದು ಹೋಗುತ್ತದಾ?

ಈ ಸುರಂಗದ ಒಳಗೆ ಏನಿದೆ ಅಂತ ಸರಿಯಾಗಿ ನೋಡಿದವರು ಮುಂಬೈನ ಹೆನ್ರಿ ವ್ಯಾಂಡೈಕ್ ಕಾರ್ಟರ್. ಡಾಕ್ಟರಿಕೆ ಓದಿದವರಿಗೆ ಈ ಮನುಷ್ಯನ ಕೈ ಪರಿಚಯ ಇದೆ, ಹೆಸರು ಗೊತ್ತಿರುವುದಿಲ್ಲ. 1858ರಲ್ಲಿ ಲಂಡನ್ನಿನಲ್ಲಿ ಬಂದ ಗ್ರೇಸ್ ಅನಾಟಮಿ ಪುಸ್ತಕದ 363 ಚಿತ್ರಗಳನ್ನು ಬರೆದವರು ಇವರೇ. ಪುಸ್ತಕಕ್ಕೆ ಪಠ್ಯ ಬರೆದ ಗ್ರೇ ಹೆಸರು ಬಂತು. ಕಾರ್ಟರ್ ಅದೇ ವರ್ಷ ಮುಂಬೈಗೆ ಹಡಗು ಹತ್ತಿದರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆ ಪಾಠ ಮಾಡುತ್ತಾ, ಕೊಯ್ದು ತೆಗೆದ ಪಾದಗಳನ್ನು ಸೀಳಿ ನೋಡಿದರು. ಎಲುಬಿನ ಒಳಗೆ ಗೂಡುಗಳು. ಗೂಡಿನ ತುಂಬ ಕರಿ ಉಂಡೆಗಳು, ಕೆಲವು ಪಾದಗಳಲ್ಲಿ ಮಾತ್ರ ಬಿಳಿ ಬಿಳಿ ಕಾಳು. ಆ ಕರಿ ಉಂಡೆ ಒಡೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಷ್ಟಿನ ಎಳೆಗಳು.

1860ರಲ್ಲಿ ಅವರು ಇದು ಫಂಗಸ್ ರೋಗ ಅಂತ ಬರೆದರು. ಮೈಸಿಟೋಮಾ ಎಂಬ ಹೆಸರೂ ಅವರದೇ. ಫಂಗಸ್ಸಿನ ಗೆಡ್ಡೆ ಅಂತ ಅರ್ಥ. ನಿಮ್ಮ ಡಾಕ್ಟರು ಚೀಟಿಯಲ್ಲಿ ಈ ಪದ ಬರೆದಿದ್ದರೆ ಗಾಬರಿಯಾಗಬೇಡಿ, ಎರಡೂ ಒಂದೇ ರೋಗ. ರೋಗಾಣು ಅನ್ನುವ ಮಾತನ್ನೇ ಹೆಚ್ಚಿನವರು ನಂಬದ ಕಾಲ ಅದು. ಜರ್ಮನಿಯ ರಾಬರ್ಟ್ ಕಾಖ್ ಕ್ಷಯದ ರೋಗಾಣು ತೋರಿಸಿದ್ದು 1882ರಲ್ಲಿ. ಅದಕ್ಕೆ 22 ವರ್ಷ ಮೊದಲೇ ಒಬ್ಬರು ಮುಂಬೈನಲ್ಲಿ ಕೂತು, ಮನುಷ್ಯನ ಎಲುಬನ್ನು ಒಂದು ಬೂಷ್ಟು ತಿನ್ನುತ್ತಿದೆ ಅಂದರು.

ಆದರೆ ಸಾಕ್ಷಿ ಕೈಕೊಟ್ಟಿತು. ಕಾಲಿನಿಂದ ತೆಗೆದ ತುಂಡುಗಳ ಮೇಲೆ ಗುಲಾಬಿ ಬಣ್ಣದ ಒಂದು ಬೂಷ್ಟು ಬೆಳೆಯಿತು. ಕಾರ್ಟರ್ ಇದೇ ಅಪರಾಧಿ ಅಂದುಕೊಂಡರು. ಇಂಗ್ಲೆಂಡಿನಲ್ಲಿ ಮೈಲ್ಸ್ ಬರ್ಕ್ಲಿ ಅಂತ ಒಬ್ಬ ಪಾದ್ರಿ ಇದ್ದರು, ಬೂಷ್ಟುಗಳ ದೊಡ್ಡ ಪಂಡಿತರು. ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆತು ಬರಗಾಲ ಬಿದ್ದಾಗ ಅದಕ್ಕೆ ಕಾರಣ ಬೂಷ್ಟು ಅಂತ ವಾದಿಸಿದವರು. ಅವರು ಗುಲಾಬಿ ಬೂಷ್ಟಿಗೆ ಕಾರ್ಟರ್ ಹೆಸರನ್ನೇ ಇಟ್ಟರು, ಕಯೊನೈಫಿ ಕಾರ್ಟೆರಿ ಅಂತ. ಪಾಪ, ಅದು ರೋಗಕ್ಕೆ ಸಂಬಂಧವೇ ಇಲ್ಲದ್ದು. ನಾಲ್ಕು ದಿನ ಇಟ್ಟ ರೊಟ್ಟಿಯ ಮೇಲೆ ಎಲ್ಲಿಂದಲೋ ಬಂದು ಕೂರುತ್ತದಲ್ಲ, ಅಂಥದ್ದು.

ಇಷ್ಟು ಸಾಕಾಯಿತು ವಿರೋಧಿಗಳಿಗೆ. 1874ರಲ್ಲಿ ಕಾರ್ಟರ್ ಚಿತ್ರಗಳ ಸಮೇತ ದೊಡ್ಡ ಗ್ರಂಥ ತಂದರು. ಮರುವರ್ಷವೇ ಕಲ್ಕತ್ತೆಯ ಟಿಮೊತಿ ಲೂಯಿಸ್ ಮತ್ತು ಕನ್ನಿಂಗ್‌ಹ್ಯಾಮ್ ಎಂಬ ಇಬ್ಬರು ಇನ್ನೊಂದು ಪುಸ್ತಕ ತಂದರು. ಕಾಲು ಮೊದಲು ಕೆಡುತ್ತದೆ, ಬೂಷ್ಟು ಆಮೇಲೆ ಬಂದು ಸೇರುತ್ತದೆ ಅನ್ನುವುದು ಅವರ ವಾದ. ಇವರೇನು ಸಾಮಾನ್ಯರಲ್ಲ, ಒಳ್ಳೆಯ ಕೆಲಸಗಾರರು. ಆ ಗುಲಾಬಿ ಬೂಷ್ಟಿನ ವಿಷಯದಲ್ಲಿ ಅವರ ಅನುಮಾನ ಸರಿಯೇ ಇತ್ತು. ಕಾರ್ಟರ್ ಉತ್ತರ ಸರಿ, ತೋರಿಸಿದ ಸಾಕ್ಷಿ ತಪ್ಪು.

ಕಾರ್ಟರನ್ನು ನೋಡಿ ನಗಲು ನನಗೆ ಮುಖವಿಲ್ಲ. ನಾನು ಮೈಕ್ರೋಬಯಾಲಜಿ ಲ್ಯಾಬಿನವನು. ಕೆಲಸಕ್ಕೆ ಸೇರಿದ ಹೊಸತು. ಯಾದಗಿರಿ ಕಡೆಯ ಒಬ್ಬ ರೈತನ ಪಾದದಿಂದ ಕೀವು ಬಂತು. ಗಾಯದ ಮೇಲೆ ಹತ್ತಿಕಡ್ಡಿ ಆಡಿಸಿ ಕಲ್ಚರ್ ಹಾಕಿದೆ, ಅಂದರೆ ಅದರಲ್ಲಿ ಯಾವ ಜೀವಿ ಇದೆ ಅಂತ ಪ್ಲೇಟಿನಲ್ಲಿ ಬೆಳೆಯಲು ಇಟ್ಟೆ. ಎರಡು ದಿನಕ್ಕೆ ಸ್ಟೆಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಅದು ಎಲ್ಲರ ಚರ್ಮದ ಮೇಲೂ ಇರುವಂಥದ್ದು, ತೆರೆದ ಗಾಯ ಸಿಕ್ಕರೆ ಬಿಡುತ್ತದಾ? ಅದನ್ನೇ ರೋಗ ಅಂತ ವರದಿ ಬರೆದು, ಪ್ಲೇಟ್ ಎಸೆದು ಕೈ ತೊಳೆದುಕೊಂಡೆ. ಎಂಟು ತಿಂಗಳ ಮೇಲೆ ಆತ ಮತ್ತೆ ಬಂದ, ಪಾದ ಇನ್ನೂ ದಪ್ಪ. ಆವತ್ತು ಪಟ್ಟಿ ಬಿಚ್ಚುತ್ತಿದ್ದ ಆಯಾ ಹೇಳಿದಳು: "ಸರ, ಇವರ ಪಟ್ಟ್ಯಾಗ ದಿನಾ ಕರಿ ಕರಿ ನುಚ್ಚ ಬೀಳ್ತಾವ್ರಿ. ಮಣ್ಣ ಅಂದ್ಕೊಂಡು ಝಾಡಿಸಿ ಒಗೀತಿದ್ದೆ."

ಆ ನುಚ್ಚು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಳಿ ಗಾಜ್ ಬಟ್ಟೆಯ ಮೇಲೆ, ಕೀವಿನ ಹಳದಿ ಕಲೆಯ ನಡುವೆ, ಕರಿ ಎಳ್ಳು ಒಡೆದು ಚೆಲ್ಲಿದ ಹಾಗೆ ಐದಾರು ಕಾಳು. ಸೂಜಿ ತುದಿಯಿಂದ ಒಂದನ್ನು ಎತ್ತಿ ಸಲೈನಿನಲ್ಲಿ ತೊಳೆದೆ. ಮಣ್ಣಾಗಿದ್ದರೆ ಕರಗಬೇಕಿತ್ತು, ಕರಗಲಿಲ್ಲ. ಗಾಜಿನ ಮೇಲಿಟ್ಟು ಪೊಟ್ಯಾಶ್ ದ್ರಾವಣದ ಒಂದು ಹನಿ ಹಾಕಿ, ಮೇಲೊಂದು ಗಾಜು ಇಟ್ಟು ಒತ್ತಿದೆ. ಬೆರಳಿಗೆ ಗೊತ್ತಾಗುವಷ್ಟು ಗಟ್ಟಿ, ಆಮೇಲೆ ಚಟ್ಟನೆ ಒಡೆಯಿತು. ಸೂಕ್ಷ್ಮದರ್ಶಕದಲ್ಲಿ ಕಂದು ಬಣ್ಣದ ಅಂಟಿನೊಳಗೆ ಎಳೆ ಎಳೆ ಎಳೆ, ಜಡೆಗಟ್ಟಿದ ಕೂದಲಿನ ಹಾಗೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವನ್ನೂ ತಗೊಂಡಿದ್ದೆ. ಎಂಟು ತಿಂಗಳ ಹಿಂದೆ ಅದೇ ಕಾಲು ಎದುರಿಗಿದ್ದಾಗ ಮಾತ್ರ ಹತ್ತಿಕಡ್ಡಿ ಆಡಿಸಿ ಕಳಿಸಿದ್ದೆ. ಆ ರೈತ ಕೊನೆಗೆ ಪಾದ ಕಳೆದುಕೊಂಡ. ಮೊದಲೇ ಹಿಡಿದಿದ್ದರೆ ಉಳಿಯುತ್ತಿತ್ತಾ, ಹೇಳಲಾಗದು. ಆ ಎಂಟು ತಿಂಗಳು ಮಾತ್ರ ನನ್ನ ಲೆಕ್ಕದಲ್ಲೇ ಇದೆ.

ಮತ್ತೆ ಕತೆಗೆ. 1894 ಒಂದು ದೊಡ್ಡ ವರ್ಷ. ಆ ವರ್ಷ ಬಾಯ್ಸ್ ಮತ್ತು ಸರ್ವೇಯರ್ ಎಂಬ ಇಬ್ಬರು, ಈ ರೋಗದ ಹಿಂದೆ ಇರುವುದು ಒಂದೇ ಜೀವಿಯಲ್ಲ ಅಂತ ಬರೆದರು. ಅದೇ ವರ್ಷ ಫ್ರಾನ್ಸಿನ ವಿನ್ಸೆಂಟ್ ಎಂಬ ಡಾಕ್ಟರು ಬಿಳಿ ಕಾಳಿನ ಒಂದು ಪಾದದಿಂದ ಜೀವಿಯನ್ನು ಬೇರ್ಪಡಿಸಿ ಬೆಳೆಸಿದರು. ಇವತ್ತು ಅದರ ಹೆಸರು ಆಕ್ಟಿನೊಮದುರಾ ಮದುರೆ. ಎಳೆ ಎಳೆಯಾಗಿ ಬೆಳೆಯುತ್ತದೆ, ನೋಡಲು ಬೂಷ್ಟಿನ ಹಾಗೆಯೇ. ಆದರೆ ಬೂಷ್ಟಲ್ಲ. ಅದು ಬ್ಯಾಕ್ಟೀರಿಯಾ. ಕರಿ ಕಾಳಿನ ನಿಜವಾದ ಫಂಗಸ್ಸಿಗೆ ಹೆಸರು ಸಿಗಲು 20ನೇ ಶತಮಾನ ಬರಬೇಕಾಯಿತು. ಫ್ರಾನ್ಸಿನವರೇ ಆದ ಲಾವರಾನ್ ಮತ್ತು ಬ್ರುಂಪ್ ಅದಕ್ಕೆ ಹೆಸರು ಕೊಟ್ಟರು. ಈಗ ಮದುರೆಲ್ಲಾ ಮೈಸಿಟೊಮ್ಯಾಟಿಸ್ ಅನ್ನುತ್ತಾರೆ. ಲಾವರಾನ್ ಅಂದರೆ ಮಲೇರಿಯಾ ಜೀವಿಯನ್ನು ಕಂಡುಹಿಡಿದವರು. 1913ರಲ್ಲಿ ಪಿನೋಯ್ ಎಂಬವರು ಗೆರೆ ಎಳೆದು ಎರಡು ಗುಂಪು ಮಾಡಿದರು. ಒಂದು ಕಡೆ ನಿಜವಾದ ಫಂಗಸ್, ಇನ್ನೊಂದು ಕಡೆ ಎಳೆ ಬ್ಯಾಕ್ಟೀರಿಯಾ. ಇವತ್ತಿಗೂ ಅದೇ ಗೆರೆ ನಡೆಯುತ್ತಿದೆ. ಫಂಗಸ್ಸಿನದು ಯೂಮೈಸಿಟೋಮಾ, ಬ್ಯಾಕ್ಟೀರಿಯಾದ್ದು ಆಕ್ಟಿನೊಮೈಸಿಟೋಮಾ.

ನೋಡಿ, ಮೈಸಿಟೋಮಾ ಅಂದರೇ ಫಂಗಸ್ ಗೆಡ್ಡೆ ಅಂತ ಅರ್ಥ. ಈಗ ಅದರ ಒಂದು ಭಾಗಕ್ಕೆ ಫಂಗಸ್ ಸಂಬಂಧವೇ ಇಲ್ಲ. ಮದುರಾ ಅನ್ನುವುದೂ ಅರ್ಧ ಸುಳ್ಳು, ಫಂಗಸ್ ಅನ್ನುವುದೂ ಅರ್ಧ ಸುಳ್ಳು. ಎರಡು ಸುಳ್ಳು ಸೇರಿ ಒಂದು ನಿಜವಾದ ರೋಗದ ಹೆಸರಾಗಿದೆ.

ಲ್ಯಾಬಿನಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟವಿಲ್ಲ. ಫಂಗಸ್ಸಿನ ಎಳೆ ದಪ್ಪ, 2ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಬ್ಯಾಕ್ಟೀರಿಯಾದ ಎಳೆ ಒಂದು ಮೈಕ್ರಾನ್ ಅಥವಾ ಅದಕ್ಕೂ ಸಣ್ಣದು. ಹಗ್ಗಕ್ಕೂ ನೂಲಿಗೂ ಇರುವ ವ್ಯತ್ಯಾಸ. ಬರಿಗಣ್ಣಿಗೆ ಕಾಳಿನ ಬಣ್ಣವೂ ಸುಳಿವು ಕೊಡುತ್ತದೆ. ಕರಿ ಆದರೆ ಫಂಗಸ್ ಅಂತಲೇ ಹೇಳಬಹುದು. ಕೆಂಪು ಆದರೆ ಬ್ಯಾಕ್ಟೀರಿಯಾ. ಬಿಳಿ ಅಥವಾ ಹಳದಿ ಆದರೆ ಮಾತ್ರ ಮೋಸ, ಎರಡೂ ಇರಬಹುದು. ಗಸಗಸೆಯ ಹಾಗೆ ಬಿಳಿ ಕಾಳು ಕಂಡರೆ ಲ್ಯಾಬ್ ನೋಡದೆ ಯಾರೂ ಬಾಯಿ ಬಿಡಬಾರದು.

ಈ ಎಳೆ ಬ್ಯಾಕ್ಟೀರಿಯಾಗಳನ್ನು ಬರೀ ಬೈದರೆ ತಪ್ಪಾಗುತ್ತದೆ. ಬೇಸಿಗೆ ಮುಗಿದು ಮೊದಲ ಮಳೆ ಬಿದ್ದಾಗ ಎರೆ ಹೊಲದಿಂದ ಬರುವ ವಾಸನೆ ಇದೆಯಲ್ಲ, ಅದರಲ್ಲಿ ಈ ಕುಲದ ಜೀವಿಗಳ ಪಾಲು ದೊಡ್ಡದು. 1943ರಲ್ಲಿ ಅಮೆರಿಕದಲ್ಲಿ ಮಣ್ಣಿನ ಇಂಥದ್ದೇ ಒಂದು ಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ಟಿಬಿಗೆ ಮೊದಲ ಮದ್ದು. ಆಮೇಲೆ ಅದನ್ನೇ ಆಕ್ಟಿನೊಮೈಸಿಟೋಮಾಕ್ಕೂ ಚುಚ್ಚಿದರು. ಅಣ್ಣ ಮಾಡಿದ ಗಾಯಕ್ಕೆ ತಮ್ಮನ ಕೈಯಲ್ಲೇ ಮದ್ದು ಹಾಕಿಸಿದ ಹಾಗೆ.

ಮದ್ದು ಇಲ್ಲದ ಕಾಲದಲ್ಲಿ ಇದ್ದದ್ದು ಗರಗಸ ಒಂದೇ. ಗಿಲ್ ಮದುರೈನಲ್ಲಿ ಬರೆಯುತ್ತಿದ್ದಾಗ ಮೈ ಮರೆಸುವ ಔಷಧಿ ಬಳಕೆಗೆ ಬಂದಿರಲಿಲ್ಲ. ಬೋಸ್ಟನ್ನಿನಲ್ಲಿ ಈಥರ್ ಕೊಟ್ಟು ಎಲ್ಲರ ಮುಂದೆ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದ್ದು 1846ರ ಅಕ್ಟೋಬರಿನಲ್ಲಿ. ಕ್ಲೋರೋಫಾರ್ಮ್ ಅದರ ಮರುವರ್ಷ. (ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತ ಅಂತ ಪರೀಕ್ಷೆ ಮಾಡಲು 1888 ಮತ್ತು 1889ರಲ್ಲಿ ಎರಡು ಆಯೋಗ ಕೂತದ್ದು ನಮ್ಮ ಹೈದರಾಬಾದಿನಲ್ಲೇ, ನಿಜಾಮರ ದುಡ್ಡಿನಲ್ಲಿ.) ಅದಕ್ಕೂ ಮೊದಲು ಬಂದ ರೋಗಿಗಳು ಎಚ್ಚರ ಇದ್ದಂತೆಯೇ ಕಾಲು ಕೊಡಬೇಕಿತ್ತು.

ಈಗ ಹಾಗಿಲ್ಲ. ಬ್ಯಾಕ್ಟೀರಿಯಾದ್ದಾದರೆ ಸುದ್ದಿ ನಿಜಕ್ಕೂ ಚೆನ್ನಾಗಿದೆ. ಸಲ್ಫಾ ಗುಳಿಗೆಗಳಿಂದ ಶುರುವಾಗಿ, 1980ರ ದಶಕದಲ್ಲಿ ಮೆಕ್ಸಿಕೊದ ವೆಲ್ಷ್ ಮತ್ತು ಸಂಗಡಿಗರು ಅಮಿಕಾಸಿನ್ ಇಂಜೆಕ್ಷನ್ ಜೊತೆ ಕೋಟ್ರೈಮಾಕ್ಸಝೋಲ್ ಗುಳಿಗೆ (ಇದರಲ್ಲೂ ಸಲ್ಫಾ ಇದೆ) ಕೊಡುವ ಪದ್ಧತಿ ತಂದರು. ಸ್ವಲ್ಪ ಬದಲಾವಣೆಯೊಂದಿಗೆ ನಮ್ಮಲ್ಲೂ ಅದೇ ನಡೆಯುತ್ತದೆ. ತಿಂಗಳುಗಟ್ಟಲೆ ಬೇಕು, ಅಮಿಕಾಸಿನ್ ಕೊಡುವಾಗ ಕಿಡ್ನಿ ಮತ್ತು ಕಿವಿ ಪರೀಕ್ಷೆ ಮಾಡುತ್ತಿರಬೇಕು, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಆದರೆ ಹೆಚ್ಚಿನವರಲ್ಲಿ ಕಾಲು ಉಳಿಯುತ್ತದೆ, ಚಾಕು ಬೇಕಾಗುವುದೇ ಅಪರೂಪ.

ಫಂಗಸ್ಸಿನದು ಹಟಮಾರಿ. ಆ ಕಾಳು ಇದೆಯಲ್ಲ, ಅದೇ ಅದರ ಕೋಟೆ. ಎಳೆಗಳ ಸುತ್ತ ಕಂದು ಗಾರೆ, ಅದರಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣ. ನಮ್ಮ ಕೂದಲಿನ ಬಣ್ಣವೂ ಅದೇ ಜಾತಿಯದು. ಮೈಯ ರಕ್ಷಣೆಯ ಕಣಗಳೂ ಔಷಧಿಯೂ ಒಳಗೆ ನುಗ್ಗಲು ಒದ್ದಾಡುತ್ತವೆ. ಕೀಟೊಕೊನಝೋಲ್ ಎಂಬ ಫಂಗಸ್ ಮದ್ದು ಬಂದಾಗ ಆಸೆ ಮೂಡಿತ್ತು. ಲಿವರ್ ಕೆಡಿಸುತ್ತದೆ ಅಂತ 2013ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಆ ಗುಳಿಗೆಗೆ ಕಡಿವಾಣ ಬಿತ್ತು. ಈಗ ಇಟ್ರಾಕೊನಝೋಲ್, ಸಾಮಾನ್ಯವಾಗಿ ದಿನಕ್ಕೆ 400 ಮಿಲಿಗ್ರಾಂ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು. ಜೊತೆಗೆ ಶಸ್ತ್ರಚಿಕಿತ್ಸೆ. ಮೊದಲು ಗುಳಿಗೆಯಿಂದ ಗಂಟು ಕುಗ್ಗಿ ಸುತ್ತ ಗಡಿ ಕಟ್ಟಬೇಕು, ಆಮೇಲೆ ಪೂರ್ತಿ ಗಡ್ಡೆ ಸಮೇತ ತೆಗೆಯಬೇಕು. ಗುಳಿಗೆ ಇಲ್ಲದೆ ಬರೀ ಕೊಯ್ದರೆ ಏನಾಗುತ್ತದೆ ಅಂತ ನಿಮಗೆ ಎರಡು ಸಲ ಗೊತ್ತಾಗಿದೆ.

ಈ ರೋಗಕ್ಕೆ ಜಗತ್ತಿನ ಮುಖ್ಯ ಠಾಣೆ ಆಗಿದ್ದದ್ದು ಸುಡಾನಿನ ಖಾರ್ಟೂಮ್. 1991ರಲ್ಲಿ ಅಲ್ಲಿ ಮೈಸಿಟೋಮಾಕ್ಕೇ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ಪ್ರೊಫೆಸರ್ ಅಹ್ಮದ್ ಫಹಲ್ ಅದನ್ನು ಕಟ್ಟಿ ನಡೆಸಿದರು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಮೈಸಿಟೋಮಾವನ್ನು ಕಡೆಗಣಿಸಲ್ಪಟ್ಟ ರೋಗಗಳ ಪಟ್ಟಿಗೆ ಸೇರಿಸಿತು. ಗಿಲ್ ಬರೆದು 174 ವರ್ಷ ಆದ ಮೇಲೆ! ಫಾಸ್ರಾವುಕೊನಝೋಲ್ ಎಂಬ ಹೊಸ ಗುಳಿಗೆಯನ್ನು ಇಟ್ರಾಕೊನಝೋಲ್ ಜೊತೆ ಹೋಲಿಸಿ ನೋಡಿದ್ದೂ ಆ ಕೇಂದ್ರದಲ್ಲೇ. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಹೊಸದು ಹಳೆಯದಕ್ಕಿಂತ ಮೇಲು ಅಂತ ತೋರಲಿಲ್ಲ. ಆದರೆ ದಿನಾ ನುಂಗುವ ಬದಲು ವಾರಕ್ಕೊಮ್ಮೆ ನುಂಗಿದರೆ ಸಾಕು. ವರ್ಷಗಟ್ಟಲೆ ಗುಳಿಗೆ ನುಂಗುವ ರೈತನಿಗೆ ಅದು ಸಣ್ಣ ವಿಷಯವಲ್ಲ. 2023ರಲ್ಲಿ ಅಲ್ಲಿ ಶುರುವಾದ ಯುದ್ಧದಲ್ಲಿ ಆ ಕೇಂದ್ರ ಹಾಳಾಯಿತು. ದಶಕಗಳಿಂದ ಕೂಡಿಟ್ಟ ಮಾಹಿತಿ ಹೋಯಿತು. ಈ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನು ಕಾಕಾನ ವಿಷಯ. ಆನೆಕಾಲು ಅಂದವರನ್ನು ಪೂರಾ ದೂರಲಾಗದು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ಇರುವ ಜಿಲ್ಲೆಗಳೇ. ಮನೆಮನೆಗೆ ಗುಳಿಗೆ ಹಂಚುವುದನ್ನು ನೀವೂ ನೋಡಿರುತ್ತೀರಿ. ದಪ್ಪ ಕಾಲು ಕಂಡರೆ ಇಲ್ಲಿ ಬಾಯಿಗೆ ಮೊದಲು ಬರುವುದು ಅದೇ. ಆದರೆ ಆನೆಕಾಲು ಸೊಳ್ಳೆಯಿಂದ ಬರುತ್ತದೆ, ಕಾಲು ಪೂರ್ತಿ ಬಾಯುತ್ತದೆ, ಹೀಗೆ ತೂತು ಬಿದ್ದು ಕಾಳು ಉದುರುವುದಿಲ್ಲ. ಟಿಬಿ ವಿಷಯ ಇನ್ನೂ ತಿರುವು. ಟಿಬಿ ಮದ್ದಿನಲ್ಲಿರುವ ರಿಫಾಂಪಿಸಿನ್ ಇಂಥ ಕೆಲವು ಬ್ಯಾಕ್ಟೀರಿಯಾಗಳ ಮೇಲೂ ಸ್ವಲ್ಪ ಕೆಲಸ ಮಾಡುತ್ತದೆ. ಕೀವು ಕಡಿಮೆಯಾಗುತ್ತದೆ, ಎಲ್ಲರೂ ಸರಿಹೋಯಿತು ಅಂದುಕೊಳ್ಳುತ್ತಾರೆ, ಮದ್ದು ನಿಲ್ಲಿಸಿದ ಮೇಲೆ ಮತ್ತೆ ಶುರು. ಕಾಕಾನಿಗೆ ಟಿಬಿ ಗುಳಿಗೆ ಕೊಟ್ಟಿದ್ದರಾ, ಕೊಟ್ಟಾಗ ಕಡಿಮೆಯಾಗಿತ್ತಾ ಅಂತ ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳಿ. ಒಳ್ಳೆಯ ಸುಳಿವು ಅದು.

ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾವುದು, ಯೂಮೈಸಿಟೋಮಾನಾ, ಆಕ್ಟಿನೊಮೈಸಿಟೋಮಾನಾ? ಕಾಳು ನೋಡಿ ಹೇಳಿದ್ದಾ, ಬರೀ ಕಾಲು ನೋಡಿ ಹೇಳಿದ್ದಾ? ಕಾಲು ನೋಡಿ ಹೇಳಿದ್ದಾದರೆ ಆಳದಿಂದ ತುಂಡು ತೆಗೆದು ಬಯಾಪ್ಸಿ ಮಾಡಲಿ. ಮೇಲಿನ ಕೀವು ಬೇಡ, ನನ್ನ ಗತಿಯೇ ಆದೀತು. ಅದೇ ತುಂಡಿನ ಅರ್ಧ ಪ್ಯಾಥಾಲಜಿಗೆ ಫಾರ್ಮಲಿನ್‌ನಲ್ಲಿ ಹೋಗಲಿ, ಇನ್ನರ್ಧ ಸಲೈನಿನಲ್ಲಿ ಮೈಕ್ರೋಬಯಾಲಜಿಗೆ. ಎರಡನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಜೀವಿ ಸತ್ತುಹೋಗುತ್ತದೆ, ಕಲ್ಚರ್ ಬರುವುದಿಲ್ಲ. ಎಷ್ಟು ಸಲ ಹೀಗಾಗಿದೆಯೋ ಲೆಕ್ಕವಿಲ್ಲ. ಕಲ್ಚರನ್ನು ನಾಲ್ಕು ವಾರವಾದರೂ ಇಟ್ಟುಕೊಳ್ಳಿ ಅಂತ ವಿನಂತಿ ಮಾಡಿ, ಫಂಗಸ್ ನಿಧಾನ ಬೆಳೆಯುತ್ತದೆ. ಎಲುಬಿಗೆ ಎಷ್ಟು ಇಳಿದಿದೆ ಅಂತ ಎಕ್ಸ್‌ರೇ ಬೇಕೇಬೇಕು. ಎಂಆರ್‌ಐ ಆದರೆ ಇನ್ನೂ ಒಳ್ಳೆಯದು. ಅದರಲ್ಲಿ ಬಿಳಿ ಉಂಗುರದ ನಡುವೆ ಕರಿ ಚುಕ್ಕೆ ಕಾಣುತ್ತದೆ, ಆ ಚುಕ್ಕೆಯೇ ಕಾಳು.

ಈ ಉತ್ತರ ಬರುವವರೆಗೆ ಮೆಡಿಕಲ್ ಅಂಗಡಿಯಿಂದ ಇಟ್ರಾಕೊನಝೋಲ್ ತಂದು ನುಂಗಿಸಬೇಡಿ. ದುಬಾರಿ ಗುಳಿಗೆ. ಬ್ಯಾಕ್ಟೀರಿಯಾದ್ದಾಗಿದ್ದರೆ ವರ್ಷ ನುಂಗಿದರೂ ಪ್ರಯೋಜನವಿಲ್ಲ. ಕಾಲು ತೆಗೆಯಬೇಕಾ ಅನ್ನುವ ಮಾತೂ ಅಲ್ಲಿಯವರೆಗೆ ಬೇಡ. ಆರು ವರ್ಷ ಆಗಿದೆ, ಎಲುಬು ತಿಂದಿರಬಹುದು. ಹಾಗಿದ್ದರೂ ಯಾವ ಜೀವಿ ಅಂತ ಗೊತ್ತಿಲ್ಲದೆ ಗರಗಸ ಎತ್ತುವುದು 1842ರ ವೈದ್ಯಕೀಯ, ಇವತ್ತಿನದಲ್ಲ.

ಹೊಲಕ್ಕೆ ಹೋಗಬಹುದು. ಗಾಯ ಸೋರುತ್ತಿರುವಾಗ ಬೇಡ, ಒಣಗಿದ ಮೇಲೆ. ಹವಾಯಿ ಚಪ್ಪಲಿ ಸಾಲದು, ತೊಗರಿ ಕೂಳೆ ಅದನ್ನು ತೂರಿಕೊಂಡು ಬರುತ್ತದೆ. ಪೂರಾ ಪಾದ ಮುಚ್ಚುವ, ದಪ್ಪ ಅಟ್ಟೆಯ ಬೂಟು ಕೊಡಿಸಿ. ಎರೆ ಮಣ್ಣು ಮೆತ್ತಿಕೊಂಡು ಭಾರ ಆಗುತ್ತೆ ಅಂತ ಕಾಕಾ ಬೈಯುತ್ತಾರೆ, ಬೈಯಲಿ.

ನಾಳೆ ಬೆಳಗ್ಗೆ ಪಟ್ಟಿ ಬಿಚ್ಚುವಾಗ ಅದನ್ನು ಝಾಡಿಸಬೇಡಿ, ತಿಪ್ಪೆಗೆ ಎಸೆಯಬೇಡಿ. ಬಿಸಿಲಿಗೆ ಹಿಡಿದು ನೋಡಿ. ನುಚ್ಚು ಕಂಡರೆ, ಬಣ್ಣ ಯಾವುದೇ ಇರಲಿ, ಆ ಪಟ್ಟಿಯನ್ನು ಹಾಗೇ ಮಡಚಿ ಶುದ್ಧವಾದ ಡಬ್ಬಿಯಲ್ಲಿ ಹಾಕಿ. ಕಲಬುರಗಿ ಬಸ್ಸು ಹತ್ತುವಾಗ ಚೀಟಿ, ಎಕ್ಸ್‌ರೇ ಜೊತೆ ಅದನ್ನೂ ತಗೊಂಡು ಹೋಗಿ.